ಬನ್ನಿನಲ್ಲಿ ಬಚ್ಚಿಟ್ಟ ನೆನಪಿನ ಪುಡಿ

"ಇಲ್ಲಿ ಕೆಲಸ ಖಾಲಿ ಇದೆಯಾ ಅಮ್ಮ? ನನಗೆ ಬ್ರೆಡ್ ಮಾಡೋಕೆ ಬರುತ್ತೆ."

ಕೇಳಿದವರು ಮಾವ. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗಾಗಿ ಹಾಕಿಕೊಂಡು ಬೇಕರಿಯ ಹಿಂಬಾಗಿಲಲ್ಲಿ ನಿಂತಿದ್ದರು. ಟ್ರೇಗಳಿಗೆ ಎಣ್ಣೆ ಸವರುತ್ತಿದ್ದ ಸೊಸೆಯ ಕೈ ಹಾಗೇ ನಿಂತಿತು. ಆ ಬೇಕರಿಯನ್ನು ಶುರು ಮಾಡಿದವರೇ ಅವರು. ಒಲೆಯ ಒಂದೊಂದು ಇಟ್ಟಿಗೆಯನ್ನೂ ಮುಂದೆ ನಿಂತು ಕಟ್ಟಿಸಿದವರು. ಬೀದಿಯ ಜನ ಅವರನ್ನು ಒಲೆಯಜ್ಜ ಎಂದೇ ಕರೆಯುತ್ತಿದ್ದರು.

"ಇದೆ ಮಾವ. ಒಳಗೆ ಬಂದು ಕೂತ್ಕೊಳ್ಳಿ."

ಅಷ್ಟರಲ್ಲಿ ಅವಳ ಗಂಡ ಹೆಗಲ ಮೇಲೆ ಮೈದಾ ಮೂಟೆ ಹೊತ್ತು ಒಳಗೆ ಬಂದ. ಮಾವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹಾಗೆ ಹೊತ್ರೆ ಸೊಂಟ ಮುರಿಯುತ್ತೆ ಕಣಪ್ಪ. ಹೊಸಬನಾ? ಯಾರ ಮಗ ನೀನು?"

ಗಂಡ ಮೂಟೆಯನ್ನು ನೆಲಕ್ಕೆ ಕುಕ್ಕಿದ. ಬಿಳಿ ಧೂಳು ಎದ್ದಿತು. ಹೊರಗೆ ಹೋಗಿ ಎರಡನೇ ಮೂಟೆಗೆ ಕೈ ಹಾಕಿದ.

ಈ ಮರೆವು ಒಮ್ಮೆಗೇ ಬಂದದ್ದಲ್ಲ. ಮೊದಲು ಮಾವ ಹಿಟ್ಟಿಗೆ ಎರಡು ಸಲ ಉಪ್ಪು ಹಾಕತೊಡಗಿದರು. "ವಯಸ್ಸಾಯ್ತಲ್ಲ" ಎಂದು ಮನೆಯವರು ನಕ್ಕರು. ಆಮೇಲೆ ಒಲೆಗೆ ಟ್ರೇ ಇಟ್ಟು ಮರೆತರು. ಆಗಲೂ ವಯಸ್ಸು ಎಂದರು. ಬೇಕರಿಯ ಮೇಲೆಯೇ ಇರುವ ಮನೆಗೆ ಮೆಟ್ಟಿಲು ಎಲ್ಲಿದೆ ಎಂದು ಗಿರಾಕಿಗಳನ್ನು ಕೇಳತೊಡಗಿದಾಗ ಯಾರಿಗೂ ನಗು ಬರಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು, ತಲೆಯ ಸ್ಕ್ಯಾನ್ ಮಾಡಿಸಿದರು, ತುಂಬ ಹೊತ್ತು ಮಾತಾಡಿಸಿದರು.

"ಇದು ಡಿಮೆನ್ಶಿಯಾ. ಮಿದುಳಿನ ಕಾಯಿಲೆ. ಮಾತ್ರೆ ಬರೆದುಕೊಡ್ತೀನಿ, ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಆಗುತ್ತೆ. ಆದ್ರೆ ಹೋದ ನೆನಪನ್ನ ವಾಪಸ್ ತರೋ ಔಷಧಿ ನಮ್ಮಲ್ಲಿ ಇನ್ನೂ ಇಲ್ಲ" ಎಂದರು. ಬೀಳ್ಕೊಡುವಾಗ ಇನ್ನೊಂದು ಮಾತೂ ಹೇಳಿದರು. "ಇವರ ಕಿಡ್ನಿ ಸ್ವಲ್ಪ ಸೋತಿದೆ. ನನ್ನನ್ನ ಕೇಳದೆ ಬೇರೆ ಯಾವುದನ್ನೂ ಕೊಡಬೇಡಿ."

ಸೊಸೆ ಎರಡು ಮಾತನ್ನೂ ಕೇಳಿಸಿಕೊಂಡಳು. ಗಂಡನಿಗೆ ಕೇಳಿಸಿದ್ದು "ಇಲ್ಲ" ಎಂಬುದೊಂದೇ. ಬೇಕರಿಯಲ್ಲಿ ಬೆಳೆದವನು ಅವನು. ಅಲ್ಲಿ ಕೆಟ್ಟದ್ದಕ್ಕೆಲ್ಲ ಏನಾದರೊಂದು ಉಪಾಯ ಇರುತ್ತದೆ. ಹಿಟ್ಟು ಉಬ್ಬದಿದ್ದರೆ ಬೆಚ್ಚಗಿಡಬಹುದು, ನೀರಾದರೆ ಮೈದಾ ಸೇರಿಸಬಹುದು. ಏನೂ ಮಾಡುವ ಹಾಗಿಲ್ಲ ಎಂಬ ಮಾತನ್ನು ಅವನ ತಲೆ ಒಳಗೆ ಬಿಟ್ಟುಕೊಳ್ಳಲಿಲ್ಲ.

ಆ ಬೀದಿಯ ಕೊನೆಯಲ್ಲಿ ಒಂದು ಜಿಮ್. ಅದನ್ನು ನಡೆಸುವವನು ಬೆಳಗ್ಗೆ ಬೆಳಗ್ಗೆ ಬ್ರೆಡ್ಡಿಗೆ ಬರುತ್ತಿದ್ದ. ತೋಳು ಬಿಗಿದ ಬನಿಯನ್ನು, ಬಾಯಿ ತುಂಬ ಮಾತು. ಒಳ್ಳೆಯ ಮನುಷ್ಯನೇ. ಮಾವನನ್ನು ಕಂಡರೆ ಅವನಿಗೆ ಪ್ರೀತಿ.

"ಅಣ್ಣಾ, ಅಜ್ಜನಿಗೆ ಅಮೈನೋ ಆಸಿಡ್ ಕೊಡು" ಎಂದ ಒಂದು ದಿನ, ಫೋನನ್ನು ಕೌಂಟರಿನ ಮೇಲಿಟ್ಟು. "ಈ ವಿಡಿಯೋ ನೋಡು. ಮರೆವಿನ ಕಾಯಿಲೆಗೆ ಇದೇ ಮದ್ದು ಅಂತೆ. ನಮ್ಮ ಹುಡುಗರು ತೋಳು ಬರಲಿ ಅಂತ ತಗೊಳ್ಳೋ ಪುಡಿನೇ."

"ಆಸಿಡ್ ಅಂದ್ರೆ ಬಚ್ಚಲು ತೊಳೆಯೋದಲ್ವಾ?" ಎಂದ ಗಂಡ.

ಜಿಮ್ಮಿನವನು ಬಿದ್ದು ಬಿದ್ದು ನಕ್ಕ. "ಬಚ್ಚಲು ತೊಳೆಯೋದನ್ನ ಕುಡಿದು ಈ ತೋಳು ಬಂತೇನಣ್ಣಾ? ಮೊಟ್ಟೆ, ಹಾಲು, ಕಾಳು ತಿಂದರೆ ಅದರಲ್ಲಿರೋ ಪ್ರೋಟೀನು ಹೊಟ್ಟೆಲಿ ಒಡೆದು ಚೂರು ಚೂರಾಗುತ್ತಲ್ಲ, ಆ ಚೂರೇ ಅಮೈನೋ ಆಸಿಡ್. ಬೇಕಿದ್ರೆ ಅತ್ತಿಗೇನ ಕೇಳು, ಕಾಲೇಜು ಓದಿದ್ದಾರೆ."

"ಅದು ನಿಜ" ಎಂದಳು ಸೊಸೆ. "ಆದ್ರೆ ಮಾವನಿಗೆ ಕೊಡಬಹುದೋ ಇಲ್ವೋ ನನಗೆ ಗೊತ್ತಿಲ್ಲ. ಡಾಕ್ಟರನ್ನ ಕೇಳೋಣ."

"ಕೇಳಿದ್ರೆ ಏನಂತಾರೆ? ಇಲ್ಲ ಅಂತಾರೆ. ಅವರಿಗೆ ಬರೋ ಮಾತು ಅದೊಂದೇ" ಎಂದ ಗಂಡ.

ಸಂಜೆ ಅವನು ಆ ಪುಡಿಯ ಡಬ್ಬ ತಂದ. ತಂದವನೇ ಹಿಟ್ಟಿನ ತೊಟ್ಟಿಯ ಪಕ್ಕದಲ್ಲಿದ್ದ ಇನ್ನೊಂದು ಚೀಲವನ್ನು ಎಳೆದ. ಹಿಟ್ಟು ಬಿಗಿದುಕೊಂಡು ಲಟ್ಟಿಸಲು ಬಾರದಾಗ ಬೇಕರಿಯವರು ಚಿಟಿಕೆಯಷ್ಟು ಹಾಕುವ ಪುಡಿ ಅದು. ಹಾಕಿ ಕಲಸಿದರೆ ರಬ್ಬರಿನಂತಿದ್ದ ಹಿಟ್ಟು ನೋಡನೋಡುತ್ತ ಮಿದುವಾಗುತ್ತದೆ.

"ಇದರ ಮೇಲೇನು ಬರೆದಿದೆ, ಓದು."

"ಸಿಸ್ಟೀನ್ ಅಂತ ಇದೆ."

"ಅಂದ್ರೆ?"

ಗೊತ್ತಿರುವುದನ್ನು ಗೊತ್ತಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. "ಅದೂ ಒಂದು ಅಮೈನೋ ಆಸಿಡ್."

ಗಂಡನ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. "ನೋಡಿದ್ಯಾ! ನಾನು ಚಿಕ್ಕವನಿದ್ದಾಗಿಂದ ಈ ಜಾತಿ ಪುಡಿ ಕೈಯಲ್ಲಿ ಹಿಡಿದು ಕೆಲಸ ಮಾಡ್ತಿದ್ದೀನಿ. ಕಲ್ಲಿನಂಥ ಹಿಟ್ಟನ್ನೇ ಸಡಿಲ ಮಾಡೋದು, ಅಪ್ಪನ ತಲೇಲಿ ಬಿಗಿದಿರೋದನ್ನ ಬಿಡಿಸೋದಿಲ್ವಾ?"

"ರೀ, ಇದು ಬೇರೆ, ಅದು ಬೇರೆ. ಹಿಟ್ಟಿನಲ್ಲಿ ಆಗೋದು ಮಿದುಳಲ್ಲಿ ಆಗ್ಬೇಕು ಅಂತೇನಿಲ್ಲ."

"ಆಗೋದಿಲ್ಲ ಅಂತಲೂ ಇಲ್ವಲ್ಲ?"

ಅವಳು ಚೀಲವನ್ನು ಮತ್ತೆ ತೊಟ್ಟಿಯ ಪಕ್ಕಕ್ಕೆ ತಳ್ಳಿದಳು.

ಡಬ್ಬದ ಪುಡಿಯನ್ನು ಹಾಲಿನಲ್ಲಿ ಕದಡಿಕೊಟ್ಟರೆ ಮಾವ ಒಂದೇ ಗುಟುಕಿಗೆ ಉಗಿದರು. ಕಹಿ. ಆಗ ಗಂಡ ತನಗೆ ಬರುವ ವಿದ್ಯೆಯನ್ನೇ ಹಿಡಿದ. ಮಾವನಿಗೆಂದು ಬೇರೆ ಹಿಟ್ಟು ಕಲಸಿ, ಪುಡಿ ಬೆರೆಸಿ, ಸಕ್ಕರೆ ಸ್ವಲ್ಪ ಹೆಚ್ಚು ಹಾಕಿ, ಟ್ರೇಯ ಮೂಲೆಯಲ್ಲಿ ಬನ್ನು ಬೇಯಿಸಿದ. ಡಬ್ಬದೊಳಗಿನ ಚಮಚ ಡಬ್ಬದಲ್ಲೇ ಉಳಿಯಿತು. ಬೇಕರಿಯವರ ಅಳತೆ ಅಂಗೈ. ಉಪ್ಪಿಗೂ ಅದೇ, ಈಸ್ಟಿಗೂ ಅದೇ, ಇದಕ್ಕೂ ಅದೇ ಆಯಿತು.

ಬನ್ನು ಬೇರೆಯವುಗಳಿಗಿಂತ ಕಪ್ಪಾಗಿ ಬೆಂದು ಬಂತು. ಮಾವ ತಿಂದರು.

ಕೆಲವು ದಿನ ಕಳೆದಿರಬೇಕು. ಒಂದು ಬೆಳಗ್ಗೆ ಮಾವ ಹಲ್ಲುಜ್ಜುತ್ತ ಮಗನನ್ನು ನೋಡಿ, "ಪುಟ್ಟಾ, ಒಲೆ ಕಾದಿದೆಯೇನೋ?" ಎಂದರು. ಅಷ್ಟೇ. ಗಂಡ ಮೆಟ್ಟಿಲ ಮೇಲೆ ಕುಸಿದು ಕೂತು ಮಕ್ಕಳ ಹಾಗೆ ಅತ್ತ. ತನ್ನ ಅನುಮಾನ ಸುಳ್ಳಾಗಲಿ ಎಂದು ಸೊಸೆ ಮನಸಾರೆ ಬಯಸಿದಳು.

ಮಧ್ಯಾಹ್ನ ಅಂಗಡಿಗೆ ಬಂದ ಮಾವ ಮತ್ತೆ, "ಯಾರ ಮಗನಪ್ಪ ನೀನು?" ಎಂದರು. ಗಂಡ ಮರುದಿನದ ಹಿಟ್ಟಿಗೆ ಇನ್ನೂ ಒಂದು ಅಂಗೈ ಪುಡಿ ಸುರಿದ.

ಆ ಬನ್ನನ್ನು ಮಾವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಮುರಿದರು. ಮೂಗಿನ ಹತ್ತಿರ ತಂದರು. ಬಹಳ ದಿನಗಳಿಂದ ಮಂಕಾಗಿದ್ದ ಕಣ್ಣು ಚುರುಕಾಯಿತು.

"ಈ ಹಿಟ್ಟಿಗೆ ಯಾರೋ ಏನೋ ಬೆರೆಸಿದ್ದಾರೆ."

"ಏನೂ ಇಲ್ಲ ಅಪ್ಪ. ಸಕ್ಕರೆ ಸ್ವಲ್ಪ ಜಾಸ್ತಿ ಆಗಿದೆ."

"ಸಕ್ಕರೆ ಬಣ್ಣ ನನಗೆ ಗೊತ್ತಿಲ್ವಾ? ಇದು ಆ ಬಣ್ಣ ಅಲ್ಲ. ಯಾರೋ ನೀನು? ನನಗೆ ಏನು ತಿನ್ನಿಸ್ತಿದ್ದೀಯ?" ಮಾವ ಹಿಂದೆ ಸರಿದರು. ಸೊಸೆಯ ಕಡೆ ತಿರುಗಿದರು. "ಅಮ್ಮಾ, ನೀನು ಒಳ್ಳೆಯವಳ ಹಾಗೆ ಕಾಣ್ತೀಯ. ನಿಜ ಹೇಳು. ಇದರಲ್ಲಿ ಏನಾದ್ರೂ ಹಾಕಿದ್ದೀರಾ?"

ಗಂಡ ಅವಳನ್ನು ನೋಡಿದ. ಬೇಡಿಕೊಳ್ಳುವ ನೋಟ.

"ಏನೂ ಹಾಕಿಲ್ಲ ಮಾವ" ಎಂದಳು ಅವಳು.

ಮಾವ ಬನ್ನನ್ನು ತಟ್ಟೆಗೆ ಹಾಕಿ ತಟ್ಟೆಯನ್ನು ದೂರ ತಳ್ಳಿದರು. ಅಂದಿನಿಂದ ಅವರು ಆ ಮನೆಯಲ್ಲಿ ಯಾರ ಕೈಯಿಂದಲೂ ಏನನ್ನೂ ತೆಗೆದುಕೊಳ್ಳಲಿಲ್ಲ. ಅನ್ನ ಕೊಟ್ಟರೆ ಬಾಯಿ ಬಿಗಿದರು. ನೀರಿನ ಲೋಟ ತಂದರೆ ಕೈಯಿಂದ ತಟ್ಟಿದರು. ಡಾಕ್ಟರು ಕೊಟ್ಟ ಮಾತ್ರೆಗಳನ್ನೂ ಉಗಿದರು, ರಕ್ತದೊತ್ತಡದ್ದನ್ನೂ ಸೇರಿಸಿ. ಕೈತೊಳೆಯುವ ನಲ್ಲಿಗೆ ಬಾಯಿ ಹಚ್ಚಿ ನಾಲ್ಕು ಗುಟುಕು ಕುಡಿದರೆ ಅದೇ ಹೆಚ್ಚು. ತುಟಿ ಒಡೆಯಿತು. ಹಗಲಿಡೀ ತೂಕಡಿಸತೊಡಗಿದರು. ಎಚ್ಚರವಾದಾಗ ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಬೆರಳಿನಿಂದ ಒರೆಸುತ್ತಿದ್ದರು.

"ಕಾಯಿಲೆ ಜಾಸ್ತಿ ಆಗಿದೆ" ಎಂದ ಗಂಡ. "ಈಗ ಅನುಮಾನ ಬೇರೆ ಶುರುವಾಗಿದೆ. ಇನ್ನೊಂದು ಡಬ್ಬ ತರ್ತೀನಿ. ಬಿಸ್ಕತ್ತಿನಲ್ಲಿ ಹಾಕಿದ್ರೆ ಗೊತ್ತಾಗಲ್ಲ."

"ಬೇಡ ರೀ. ನನಗೆ ಭಯ ಆಗ್ತಿದೆ."

"ಭಯ ಪಡ್ತಾ ಕೂತ್ರೆ ಅಪ್ಪ ಉಳಿತಾರಾ?"

ಅದೇ ಬೆಳಗ್ಗೆ ಪಕ್ಕದ ಮನೆಯ ನರ್ಸಕ್ಕ ಬ್ರೆಡ್ಡಿಗೆ ಬಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ, ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ ಮೊದಲು ಅವಳ ಬಾಗಿಲು ತಟ್ಟುವುದು ವಾಡಿಕೆ. ಅವಳೂ ಹಾಗೆಯೇ, ಯಾರೂ ಕರೆಯದಿದ್ದರೂ ತಾನಾಗಿ ವಿಚಾರಿಸುವವಳು.

"ಅಜ್ಜ ಕಾಣ್ತಾನೇ ಇಲ್ವಲ್ಲಮ್ಮ? ನಿನ್ನ ಮುಖ ಯಾಕೆ ಹೀಗಿದೆ?"

"ಊಟ ಬಿಟ್ಟಿದ್ದಾರೆ ಅಕ್ಕ. ನೀರೂ ಕುಡಿಯಲ್ಲ."

"ಅನುಮಾನದ ಕಾಯಿಲೆ" ಎಂದ ಗಂಡ ಒಳಗಿನಿಂದ. "ನಾವು ಊಟದಲ್ಲಿ ಏನೋ ಬೆರೆಸಿದ್ದೀವಂತೆ."

ನರ್ಸಕ್ಕ ಬ್ರೆಡ್ಡನ್ನು ಕೌಂಟರಿನ ಮೇಲಿಟ್ಟಳು. "ಬೆರೆಸಿದ್ದೀರಾ?"

ಒಲೆಯೊಳಗೆ ಟ್ರೇ ಕಾದು ಟಣ್ಣೆಂದಿತು.

"ಬೆರೆಸಿದ್ದೀವಿ" ಎಂದಳು ಸೊಸೆ. ಡಬ್ಬ ತಂದು ಮುಂದಿಟ್ಟಳು.

ನರ್ಸಕ್ಕ ಡಬ್ಬದ ಮೇಲಿನ ಅಕ್ಷರ ಆಮೇಲೆ ಓದಿದಳು. ಮೊದಲು ಮೆಟ್ಟಿಲು ಹತ್ತಿ ಮಾವನ ನಾಡಿ ಹಿಡಿದಳು, ಕೈಯ ಚರ್ಮ ಚಿವುಟಿ ಬಿಟ್ಟು ನೋಡಿದಳು. ನೀರು ಬತ್ತಿದ ಚರ್ಮದ ಮಡಿಕೆ ಹಾಗೇ ನಿಂತಿತ್ತು. "ಮೂತ್ರ ಹೋಗಿ ಎಷ್ಟು ಹೊತ್ತಾಯ್ತು?" ಎಂದು ಕೇಳಿದಳು. ಯಾರೂ ಗಮನಿಸಿರಲಿಲ್ಲ.

"ಈಗಲೇ ಆಸ್ಪತ್ರೆಗೆ ಹೊರಡಿ. ಡಬ್ಬನೂ ಎತ್ಕೊಳ್ಳಿ. ಬಚ್ಚಿಡಬೇಡಿ."

"ಡಿಮೆನ್ಶಿಯಾ ಅಂದ್ರೆ ಹೀಗೇ ಅಲ್ವಾ ಅಕ್ಕ, ದಿನಾ ದಿನಾ ಕೆಡೋದು?" ಎಂದ ಗಂಡ.

"ಆ ಕಾಯಿಲೆ ಸಾಮಾನ್ಯವಾಗಿ ನಿಧಾನವಾಗಿ ಇಳಿಯುತ್ತೆ ತಮ್ಮಾ. ನಾಲ್ಕು ದಿನದಲ್ಲಿ ಹೀಗೆ ಧೊಪ್ಪಂತ ಬಿದ್ರೆ ಬೇರೆ ಏನೋ ಸೇರಿಕೊಂಡಿದೆ ಅಂತ ಅರ್ಥ. ಸೋಂಕು ಇರಬಹುದು, ನೀರು ಕಡಿಮೆ ಆಗಿರಬಹುದು, ಔಷಧಿ ಹೆಚ್ಚುಕಮ್ಮಿ ಆಗಿರಬಹುದು. ತಡ ಮಾಡೋ ಹಾಗಿಲ್ಲ. ಏಳು."

ಆಸ್ಪತ್ರೆಯಲ್ಲಿ ಮಾವನ ಕೈಗೆ ಡ್ರಿಪ್ ಹಾಕಿದರು. ಅವರು ಸೂಜಿ ಕಿತ್ತುಹಾಕಲು ಹೋದಾಗ ಸೊಸೆ ಕೈ ಹಿಡಿದು ಕೂತಳು. ರಕ್ತದ ವರದಿ ಬಂದಮೇಲೆ ಡಾಕ್ಟರು ಗಂಡನನ್ನು ಕರೆದರು. ಮೂತ್ರಪಿಂಡಗಳು ಇನ್ನಷ್ಟು ಸೋತಿದ್ದವು.

"ಈ ಪುಡಿಯಿಂದಲೇ ಆಯ್ತಾ ಸಾರ್?"

"ಇದೊಂದರಿಂದಲೇ ಅಂತ ನಾನು ಹೇಳೋಕೆ ಆಗಲ್ಲ. ನೀರು, ಮಾತ್ರೆ ಎರಡೂ ನಿಂತಿದ್ದು ದೊಡ್ಡ ಪೆಟ್ಟು. ಆದ್ರೆ ಕಿಡ್ನಿ ಸೋತವರಿಗೆ ಅಳತೆ ಇಲ್ಲದೆ ಇದನ್ನ ಕೊಟ್ಟರೆ ಹೊರೆ ಮೇಲೆ ಹೊರೆ. ನನ್ನನ್ನ ಒಂದು ಮಾತು ಕೇಳಿದ್ರೆ ಬೇಡ ಅಂತಿದ್ದೆ."

ಹೊರಗಿನ ಬೆಂಚಿನಲ್ಲಿ ಗಂಡ ತಲೆ ಹಿಡಿದು ಕೂತ. ಪಕ್ಕದಲ್ಲಿ ನರ್ಸಕ್ಕ ಕೂತಳು. ಗಂಡನಿಗೆ ಇನ್ನೂ ಒಂದು ಆಸೆ ಉಳಿದಿತ್ತು.

"ವಿಡಿಯೋದಲ್ಲಿ ಹೇಳಿದ್ದೆಲ್ಲ ಸುಳ್ಳಾ ಅಕ್ಕ? ಒಂದು ದಿನ ಅಪ್ಪ ನನ್ನ ಪುಟ್ಟಾ ಅಂದ್ರು. ನನ್ನ ಕಿವಿಯಲ್ಲೇ ಕೇಳಿದ್ದೀನಿ."

"ಅಂದಿರ್ತಾರೆ. ಈ ಕಾಯಿಲೆಯಲ್ಲಿ ಒಂದು ದಿನ ತಿಳಿ ಇರುತ್ತೆ, ಒಂದು ದಿನ ಮಂಕು. ಪುಡಿ ಕೊಡದಿದ್ರೂ ಅವತ್ತು ಹಾಗೆ ಕರೀತಿದ್ರೋ ಏನೋ. ಅದಕ್ಕೇ ಒಂದು ಮನೆಯ ಒಂದು ಬೆಳಗ್ಗೆ ನೋಡಿ ಔಷಧಿ ಅನ್ನೋಕಾಗಲ್ಲ. ನೂರಾರು ಜನಕ್ಕೆ ಕೊಟ್ಟು, ಕೊಡದೆ ಇರೋರ ಜೊತೆ ಹೋಲಿಸಿ, ವರ್ಷಗಟ್ಟಲೆ ನೋಡ್ಬೇಕು."

"ನೋಡಿಲ್ವಾ ಯಾರೂ?"

"ನೋಡ್ತಿದ್ದಾರೆ. ಇಲಿಗಳಲ್ಲಿ ಆಸೆ ಹುಟ್ಟಿಸೋ ಹಾಗೆ ಕಂಡಿದೆ. ಮನುಷ್ಯರಲ್ಲಿ ಮಾಡಿರೋ ಪರೀಕ್ಷೆಗಳು ಚಿಕ್ಕವು. ಡಿಮೆನ್ಶಿಯಾದಲ್ಲಿ ಹೋದ ನೆನಪು ಇದರಿಂದ ವಾಪಸ್ ಬರುತ್ತೆ ಅಂತ ಇನ್ನೂ ಸಾಬೀತಾಗಿಲ್ಲ. ನಾಳೆ ಏನಾದ್ರೂ ಸಿಗಬಹುದು, ಸಿಗದೇನೂ ಇರಬಹುದು. ಇವತ್ತಿನ ಮಟ್ಟಿಗೆ ಗೊತ್ತಿಲ್ಲ ಅನ್ನೋದೇ ಸತ್ಯ. ವಿಡಿಯೋದವರಿಗೆ ಆ ಮಾತು ಹೇಳೋಕೆ ಬಾಯಿ ಬರಲ್ಲ."

"ಹಿಟ್ಟಿಗೆ ಹಾಕೋದೂ ಇದೇ ಜಾತಿದು ಅಂತ ಧೈರ್ಯ ಮಾಡ್ಬಿಟ್ಟೆ" ಎಂದ ಅವನು.

"ಹಿಟ್ಟು ಕೆಟ್ರೆ ತೊಟ್ಟಿ ತೊಳೆದು ಇನ್ನೊಂದು ಸಲ ಕಲಸ್ತೀಯ ತಮ್ಮಾ. ಮನುಷ್ಯನನ್ನ ಹಾಗೆ ಮಾಡೋಕಾಗಲ್ಲ" ಎಂದಳು ನರ್ಸಕ್ಕ.

ಮಾವ ಬದುಕಿ ಮನೆಗೆ ಬಂದರು. ಆದರೆ ಹೋದಾಗಿನ ಮಾವನಾಗಿ ಬರಲಿಲ್ಲ. ಮೆಟ್ಟಿಲು ಹತ್ತಲು ಕಾಲಲ್ಲಿ ಬಲವಿರಲಿಲ್ಲ. ಬೇಕರಿಯ ಹಿಂದಿನ ಉಗ್ರಾಣದಿಂದ ಮೂಟೆಗಳನ್ನು ತೆಗೆಸಿ ಅಲ್ಲೇ ಮಂಚ ಹಾಕಿದರು. ಇರುವೆಗಳು ಹೋದವು. ಹೆದರಿಕೆ ಹೋಗಲಿಲ್ಲ. ಯಾವಾಗ, ಯಾರು, ಏನು ಎಂಬುದೆಲ್ಲ ಅಳಿಸಿಹೋಗಿದ್ದರೂ ಮಗನ ಕೈ ಹತ್ತಿರ ಬಂದರೆ ಮಾವನ ಬಾಯಿ ತಾನಾಗಿ ಬಿಗಿದುಕೊಳ್ಳುತ್ತಿತ್ತು.

"ಜಗಳ ಆಡಬೇಡ. ಬಲವಂತ ಮಾಡಬೇಡ. ಅವರ ಎದುರಿಗೇ ಬಡಿಸು, ಅದೇ ಪಾತ್ರೆಯಿಂದ ನೀನೂ ಬಡಿಸ್ಕೋ, ಮೊದಲ ತುತ್ತು ನೀನು ತಿನ್ನು" ಎಂದು ನರ್ಸಕ್ಕ ಸೊಸೆಗೆ ಹೇಳಿಕೊಟ್ಟಳು. ಆಸ್ಪತ್ರೆಯ ಆಹಾರ ತಜ್ಞೆ ಮೊಟ್ಟೆ, ಹಾಲು, ಕಾಳನ್ನು ಮಾವನ ಮೂತ್ರಪಿಂಡ ಎಷ್ಟು ತಾಳುತ್ತದೆ ಎಂದು ಅಳತೆ ಹೇಳಿದ್ದಳು. ಅಷ್ಟನ್ನೇ ಸೊಸೆ ಬಡಿಸುತ್ತಿದ್ದಳು. ಅವಳು ತಿನ್ನುತ್ತಿದ್ದಳು, ಮಾವ ನೋಡುತ್ತಿದ್ದರು. ಅವಳ ಗಂಟಲಲ್ಲಿ ತುತ್ತು ಇಳಿಯುವುದನ್ನೇ ನೋಡುತ್ತಿದ್ದರು. ಎಷ್ಟೋ ಹೊತ್ತಿನ ಮೇಲೆ ಒಂದು ತುತ್ತಿಗೆ ಬಾಯಿ ತೆರೆಯುತ್ತಿದ್ದರು. ಸುಳ್ಳು ಹೇಳಿದ ಬಾಯಿಯನ್ನು ಅವರು ಇನ್ನೂ ನಂಬುತ್ತಿರುವುದು ನೆನಪಿಲ್ಲದ ಕಾರಣಕ್ಕೆ ಎಂಬುದು ಅವಳಿಗೆ ಗೊತ್ತಿತ್ತು.

"ಆ ಮನುಷ್ಯ ಹೋದನಾ?" ಎಂದು ಮಾವ ಪ್ರತಿ ಊಟಕ್ಕೆ ಮುಂಚೆ ಪಿಸುಗುಡುತ್ತಿದ್ದರು.

"ಹೋದ್ರು ಮಾವ."

ಆ ಮನುಷ್ಯ ಗೋಡೆಯ ಆಚೆ ಹಿಟ್ಟು ನಾದುತ್ತಿದ್ದ. ಎಲ್ಲವೂ ಕೇಳಿಸುತ್ತಿತ್ತು.

ಒಂದು ದಿನ ಜಿಮ್ಮಿನವನು ಮತ್ತೆ ಬಂದ. ಮುಖ ಸಪ್ಪಗಿತ್ತು, ಕೈಯಲ್ಲಿ ಮಾತ್ರ ಹೊಸ ಡಬ್ಬ. "ತಪ್ಪು ತಿಳ್ಕೋಬೇಡಣ್ಣಾ. ಅದು ಹಳೇದು. ಇದು ಹೊಸ ಕಂಪನಿದು, ಕಿಡ್ನಿಗೆ ಏನೂ ಆಗಲ್ವಂತೆ."

"ಅಂತೆ ಅಂದ್ಯಲ್ಲ, ಅಲ್ಲಿಗೇ ನಿಲ್ಲಿಸು" ಎಂದ ಗಂಡ. ಕೂಗಾಡಲಿಲ್ಲ. ಅಂಗೈಗೆ ಮೆತ್ತಿದ್ದ ಹಿಟ್ಟನ್ನು ಉಜ್ಜಿ ತೆಗೆಯುತ್ತ ಹೇಳಿದ. "ನೀನು ಅಪ್ಪನ ಮೇಲಿನ ಪ್ರೀತಿಗೆ ತಂದೆ, ನಾನೂ ಪ್ರೀತಿಗೇ ಹಾಕಿದೆ. ನನ್ನ ಹೆಸರು ಮರೆತದ್ದು ಅವರ ಕಾಯಿಲೆ ಕಣೋ. ನನ್ನ ಕೈ ಕಂಡ್ರೆ ಹೆದರೋದು ನಾನು ಮಾಡಿದ್ದು. ಡಾಕ್ಟರನ್ನ ಕೇಳದೆ ಇನ್ನು ಒಂದು ಚಿಟಿಕೆಯೂ ಈ ಮನೆಯೊಳಗೆ ಬರಲ್ಲ. ನಿನ್ನ ಜಿಮ್ಮಿಗೆ ಬರೋರಿಗೂ ಇದನ್ನ ಹೇಳು, ಅವರ ಮನೇಲೂ ಅಪ್ಪ ಅಮ್ಮ ಇರ್ತಾರೆ."

ಜಿಮ್ಮಿನವನು ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬ್ರೆಡ್ಡು ತೆಗೆದುಕೊಳ್ಳುವುದನ್ನೂ ಮರೆತು ಹೋದ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಹಿರಿಯರು ಉಪ್ಪು ಎರಡು ಸಲ ಹಾಕಿದರೆ, ದಿನಾ ನಡೆಯುವ ದಾರಿ ತಪ್ಪಿದರೆ, ವಯಸ್ಸಾಯಿತು ಎಂದು ನಕ್ಕು ಸುಮ್ಮನಾಗಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೆಲವರ ಮರೆವಿಗೆ ವಿಟಮಿನ್ ಕೊರತೆಯೋ ಥೈರಾಯ್ಡೋ ಕಾರಣವಾಗಿರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಡಿಮೆನ್ಶಿಯಾ ಎಂದೇ ಗೊತ್ತಾದರೆ, ಅದನ್ನು ವಾಸಿ ಮಾಡುವ ಪುಡಿ, ಮಾತ್ರೆ, ಟಾನಿಕ್ಕು ಇವತ್ತು ಯಾರ ಬಳಿಯೂ ಇಲ್ಲ. ಇದೆ ಎಂದು ಯಾರಾದರೂ ಹೇಳಿದರೆ, ಹೇಳಿದವರು ಎಷ್ಟೇ ಒಳ್ಳೆಯವರಾಗಿರಲಿ, ಮೊದಲು ಡಾಕ್ಟರನ್ನು ಕೇಳಿ. ಅಮೈನೋ ಆಮ್ಲವಾಗಲಿ, ಬೇರೆ ಯಾವ ಶಕ್ತಿಯ ಪುಡಿಯಾಗಲಿ, ಕೊಡುತ್ತಿದ್ದರೆ ಡಬ್ಬವನ್ನೇ ಒಯ್ದು ತೋರಿಸಿ. ಬೈದಾರು ಎಂದು ಬಚ್ಚಿಡಬೇಡಿ. ಬರೆದುಕೊಟ್ಟ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮರೆವು ಇರುವವರು ಇದ್ದಕ್ಕಿದ್ದಂತೆ ಊಟ ನೀರು ಬಿಟ್ಟರೆ, ತೂಕಡಿಸತೊಡಗಿದರೆ, ಒಂದು ದಿನವೂ ಕಾಯಬೇಡಿ.

ಇನ್ನೊಂದು ಮಾತು. ಅವರು "ಇದರಲ್ಲಿ ಏನು ಹಾಕಿದ್ದೀರಿ?" ಎಂದು ಕೇಳಿದಾಗ ಕಾಯಿಲೆಯ ಮಾತು ಎಂದು ತಳ್ಳಿಹಾಕಬೇಡಿ. ನೆನಪು ಹೋದವರಿಗೂ ನಾಲಿಗೆ ಇದೆ, ಮೂಗಿದೆ, ಭಯವಿದೆ. ಅವರ ನೆನಪನ್ನು ಉಳಿಸುವುದು ನಿಮ್ಮ ಕೈಯಲ್ಲಿಲ್ಲದಿರಬಹುದು. ನಿಮ್ಮ ಕೈಯಿಂದ ಒಂದು ತುತ್ತನ್ನು ಹೆದರದೆ ತಿನ್ನುವ ಹಾಗೆ ಅವರನ್ನು ಉಳಿಸಿಕೊಳ್ಳುವುದು ನಿಮ್ಮ ಕೈಯಲ್ಲೇ ಇದೆ. ಅದನ್ನು ಕಳೆದುಕೊಳ್ಳಬೇಡಿ.